ಅಮೃತ ಮಹಲ್ ಕಾವಲುಗಳು: ದಂಡಿನ ಹುಲ್ಲು, ವನ್ಯಜೀವಿ ಮತ್ತು ಊರ ದನ

ಹುಣಸೂರು ತಾಲೂಕಿನ ಗಾವಡಗೆರೆ ಹೋಬಳಿಯಿಂದ ಹೊರಟು ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲೂಕುಗಳ ಗಡಿಗಳನ್ನು ಬಳಸಿ ಬರುವ ಸೀಮೆ ಇಂದು ಹೊಗೆಸೊಪ್ಪಿನ ಬೇಸಾಯಕ್ಕೆ ಹೆಸರಾಗಿದೆ. ಮಳೆಗಾಲದಲ್ಲಿ ಇಲ್ಲಿ ಉಳದೆ ಬಿಟ್ಟ ನೆಲ ಕಣ್ಣಿಗೆ ಬೀಳುವುದು ವಿರಳ. ಆದರೂ ಕಂದಾಯದ ದಾಖಲೆಗಳಲ್ಲಿ ಹಳೆಯದೊಂದು ನೆಲದ ನೆನಪು ಹೆಸರಿನ ರೂಪದಲ್ಲಿ ಉಳಿದುಕೊಂಡಿದೆ. ಆಸ್ಪತ್ರೆ ಕಾವಲ್, ಉದ್ದೂರು ಕಾವಲ್ ಎಂಬಂಥ ಗ್ರಾಮನಾಮಗಳು ಹುಣಸೂರಿನ ಸುತ್ತ ಇಂದಿಗೂ ಬಳಕೆಯಲ್ಲಿವೆ. ‘ಕಾವಲು’ ಎಂದರೆ ಕಾಯುವುದು. ಕಾಯ್ದುಕೊಂಡ ಹುಲ್ಲುನೆಲವೂ ಕಾವಲೇ. ಎಲ್ಲರೂ ದನ ಬಿಡುವ ಗೋಮಾಳಕ್ಕೂ, ಒಬ್ಬ ಒಡೆಯನ ದನಕ್ಕಾಗಿ ಕಾಯ್ದಿರಿಸಿದ ಕಾವಲಿಗೂ ಇರುವ ವ್ಯತ್ಯಾಸವನ್ನು ಈ ಒಂದು ಪದವೇ ಹೇಳುತ್ತದೆ. ಹಳೆಯ ಮೈಸೂರು ಸಂಸ್ಥಾನದ ಕಾವಲುಗಳ ವಿಷಯದಲ್ಲಿ ಆ ಒಡೆಯ ಸೈನ್ಯವಾಗಿತ್ತು ಎಂಬುದನ್ನು ಗಮನಿಸಬೇಕು.

ಸೈನ್ಯದ ಭೂಮಿ ಎಂದೊಡನೆ ಇಂದು ನೆನಪಿಗೆ ಬರುವುದು ದಂಡುಪ್ರದೇಶ, ಗುಂಡು ಹಾರಿಸುವ ಬಯಲು, ಮುಳ್ಳುತಂತಿಯ ಬೇಲಿ. ಮೋಟಾರು ವಾಹನಗಳಿಗೆ ಮುಂಚಿನ ಯುದ್ಧದಲ್ಲಿ ಸೈನ್ಯಕ್ಕೆ ಅತ್ಯವಶ್ಯವಾಗಿದ್ದ ಭೂಮಿ ಹುಲ್ಲಿನ ಭೂಮಿ. ತೋಪು, ಮದ್ದು, ಅಕ್ಕಿ, ಡೇರೆ ಎಲ್ಲವನ್ನೂ ಎತ್ತುಗಳೇ ಎಳೆಯಬೇಕಾಗಿತ್ತು. ಎತ್ತು ಸೋತರೆ ತೋಪು ನಿಂತಲ್ಲೇ ನಿಲ್ಲುತ್ತಿತ್ತು; ಕೈಬಿಟ್ಟ ತೋಪು ಶತ್ರುವಿನ ಪಾಲಾಗುತ್ತಿತ್ತು. ಆದುದರಿಂದ ದಂಡಿನ ಎತ್ತನ್ನು ಸಾಕಿ, ಪಳಗಿಸಿ, ಸಿದ್ಧವಾಗಿಡುವ ನೆಲವನ್ನು ಅಂದಿನ ಅರ್ಥದಲ್ಲಿ ಸೈನಿಕ ತರಬೇತಿಯ ನೆಲವೆಂದೇ ಕರೆಯಬಹುದು. ಅಂಥ ನೆಲದ ನಿರ್ವಹಣೆಯಲ್ಲಿ ಇಂದು ಏಳುವ ಮೂರು ಪ್ರಶ್ನೆಗಳು, ಎಂದರೆ ಸೈನ್ಯದ ಅಗತ್ಯ, ಕಾಡುಪ್ರಾಣಿಗಳ ನೆಲೆ, ಊರವರ ಪ್ರವೇಶ, ಅಮೃತ ಮಹಲ್ ಕಾವಲುಗಳಲ್ಲಿ ಮೂರು ಶತಮಾನಗಳ ಹಿಂದೆಯೇ ಒಂದರೊಡನೊಂದು ಹೆಣೆದುಕೊಂಡಿದ್ದವು.

ಈ ದನಗಳ ಮೂಲವನ್ನು ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣಕ್ಕೆ ತರಿಸಿದ ಹಳ್ಳಿಕಾರ್ ಹಸುಗಳವರೆಗೆ ಒಯ್ಯುವುದು ಪರಂಪರೆಯ ರೂಢಿ. ಮೈಸೂರು ಅರಸರಲ್ಲಿ ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು ಹಿಂಡುಗಳನ್ನು ಬೆಳೆಸಿ ಅವಕ್ಕೆ ಕಾವಲುಗಳನ್ನು ಬಿಟ್ಟುಕೊಟ್ಟರೆಂದು ಹೇಳಲಾಗುತ್ತದೆ. ಈ ಏರ್ಪಾಡಿಗೆ ಇಲಾಖೆಯ ರೂಪ ಬಂದುದು ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704). ಅರಮನೆಗೆ ಹಾಲುಬೆಣ್ಣೆ ಒದಗಿಸುವುದು ಅದರ ಹೊರನೋಟದ ಕೆಲಸವಾಗಿದ್ದುದರಿಂದ ಅದಕ್ಕೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಹೈದರ್ ಅಲಿ ಪಾಳೆಯಗಾರರನ್ನು ಗೆದ್ದಂತೆಲ್ಲ ಅವರ ದನಗಳೂ ಬಂದು ಸೇರಿ, ಬೆಣ್ಣೆಗಾಗಿ ಇದ್ದ ಸಂಸ್ಥೆ ದಂಡಿಗಾಗಿ ಇರುವ ಸಂಸ್ಥೆಯಾಯಿತು. ಅದಕ್ಕೆ ‘ಅಮೃತ ಮಹಲ್’ ಎಂಬ ಹೆಸರನ್ನು ಕೊಟ್ಟವನು ಟಿಪ್ಪು ಸುಲ್ತಾನ್. ಹಿಂಡುಗಳ ಪಾಲನೆ, ಹೋರಿಗಳನ್ನು ಪಳಗಿಸುವ ಬಗೆ, ವರ್ಷಕ್ಕೊಮ್ಮೆಯ ತಲೆಯೆಣಿಕೆ ಇವನ್ನೆಲ್ಲ ಕುರಿತು ಅವನು ಹೊರಡಿಸಿದ ಹುಕುಂನಾಮೆಯನ್ನು ಮುಂದೆ ಇಂಗ್ಲಿಷ್ ಅಧಿಕಾರಿಗಳೂ ಬಹುಮಟ್ಟಿಗೆ ಅನುಸರಿಸಿದರು. ಸೋತ ಅರಸನ ಇಷ್ಟೊಂದು ನಿಯಮಗಳನ್ನು ಗೆದ್ದವರು ತಮ್ಮದಾಗಿ ಮಾಡಿಕೊಂಡ ಪ್ರಸಂಗ ಮೈಸೂರಿನ ಆಡಳಿತ ಇತಿಹಾಸದಲ್ಲಿ ಅಪರೂಪವಾದುದು.

ಈ ಎತ್ತುಗಳ ಸಾಮರ್ಥ್ಯವನ್ನು ಕುರಿತು ಗ್ಯಾಸೆಟಿಯರುಗಳು ಕೊಡುವ ಉದಾಹರಣೆಗಳು ಪ್ರಸಿದ್ಧವಾಗಿವೆ. ಚಿದಂಬರದ ನೆರವಿಗಾಗಿ ಹೈದರ್ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದುದು, ಬಿದನೂರನ್ನು ಮರಳಿ ಪಡೆಯಲು ಟಿಪ್ಪು ಒಂದು ತಿಂಗಳಲ್ಲಿ ಪರ್ಯಾಯದ್ವೀಪವನ್ನು ದಾಟಿದುದು, ಜನರಲ್ ಮೆಡೋಸನ ಎದುರು ಎರಡು ದಿನಗಳಲ್ಲಿ 63 ಮೈಲಿ ಸಾಗಿದುದು ಇವೆಲ್ಲ ಅಮೃತ ಮಹಲ್ ಎತ್ತುಗಳಿಂದಲೇ ಸಾಧ್ಯವಾದವು ಎಂಬುದು ಅಂದಿನ ಸೇನಾಧಿಕಾರಿಗಳ ನಂಬಿಕೆ. ಮುಂದೆ ವೆಲ್ಲಿಂಗ್ಟನ್ ಡ್ಯೂಕನಾದ ಆರ್ಥರ್ ವೆಲ್ಲೆಸ್ಲಿ ಧೋಂಡಿಯಾ ವಾಘನ ಬೆನ್ನಟ್ಟಿ ಹೋದಾಗ ಇವನ್ನೇ ನೆಚ್ಚಿದ್ದನು. ಸ್ಪೇನ್, ಪೋರ್ಚುಗಲ್‌ಗಳ ಯುದ್ಧದಲ್ಲಿ ಈ ಎತ್ತುಗಳಿಲ್ಲವಲ್ಲ ಎಂದು ಅವನು ಹಲುಬಿದನೆಂಬ ಮಾತೂ ಉಂಟು. ಪ್ರಶಂಸೆಯ ಈ ಸಾಲುಗಳಲ್ಲಿ ಒಂದು ಸಂಗತಿ ಮರೆಯಾಗಿಬಿಡುತ್ತದೆ. ಎರಡೂವರೆ ದಿನದ ಓಟದ ಹಿಂದೆ ವರ್ಷಗಟ್ಟಲೆ ಮೇವು ಕೊಟ್ಟ ನೆಲವಿತ್ತು; ಆ ನೆಲದ ಅಂಚಿನಲ್ಲಿ ಊರುಗಳಿದ್ದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡುಗಳು ಕಂಪನಿಯ ಕೈಸೇರಿದವು. ಅವುಗಳ ಪಾಲನೆಯನ್ನು ಮೊದಲು ಮೈಸೂರು ಸರ್ಕಾರಕ್ಕೆ ಬಿಡಲಾಯಿತಾದರೂ ಹಿಂಡುಗಳು ಕ್ಷೀಣಿಸಿದ್ದರಿಂದ, 1813ರಲ್ಲಿ ಮದ್ರಾಸ್ ಕಮಿಸರಿಯಟ್‌ನ ಕ್ಯಾಪ್ಟನ್ ಹಾರ್ವೆ ಎಂಬುವನಿಗೆ ಒಪ್ಪಿಸಲಾಯಿತು. ಹುಣಸೂರು ಇತಿಹಾಸದಲ್ಲಿ ತಲೆಯೆತ್ತಿದುದು ಈ ಘಟ್ಟದಲ್ಲಿ. ಲಕ್ಷ್ಮಣತೀರ್ಥದ ದಡದ ಈ ಊರು ಮೈಸೂರಿನಿಂದ ಕೊಡಗು, ಕಣ್ಣಾನೂರುಗಳಿಗೆ ಹೋಗುವ ಹೆದ್ದಾರಿಯಲ್ಲಿದ್ದು, ಒಂದೆಡೆ ಕಾಡಿನ ಮರ, ಇನ್ನೊಂದೆಡೆ ಬಯಲಿನ ಹುಲ್ಲು ಎರಡಕ್ಕೂ ಎಟಕುವ ಜಾಗದಲ್ಲಿತ್ತು. ಅಮೃತ ಮಹಲ್ ಇಲಾಖೆಯ ಕೇಂದ್ರವಾದುದಲ್ಲದೆ ಸೈನ್ಯಕ್ಕೆ ಬೇಕಾದ ಬೂಟು, ಬೆನ್ನುಚೀಲ, ಮದ್ದುಚೀಲಗಳನ್ನು ಮಾಡುವ ಸರ್ಕಾರಿ ತೊಗಲಿನ ಕಾರ್ಖಾನೆ, ಕಂಬಳಿಯ ಕಾರ್ಖಾನೆ, ಮರದ ಕೋಠಿ ಇವೆಲ್ಲ ಇಲ್ಲಿ ಕೂಡಿದ್ದವು. ಕಾರ್ಖಾನೆಗಳನ್ನು ಮುಚ್ಚಿದ ಮೇಲೂ ಅಲ್ಲಿ ಪಳಗಿದ ಕೈಗಳು ಊರಲ್ಲೇ ಉಳಿದವು. ಹುಣಸೂರಿನ ಗಾಡಿಗೆ ಬಹುಕಾಲ ಹೆಸರಿದ್ದುದು ಅದರ ಫಲ. ಒಂದು ಸಣ್ಣ ಊರಿನ ಕಸುಬುಗಳೆಲ್ಲ ಹೀಗೆ ದಂಡಿನ ಎತ್ತಿನ ಸುತ್ತ ಸುತ್ತುತ್ತಿದ್ದುದನ್ನು ಸ್ಥಳೀಯ ಚರಿತ್ರೆ ಬರೆದವರು ಸಾಕಷ್ಟು ಗಮನಿಸಿಲ್ಲ.

ಕಾವಲುಗಳ ಆಡಳಿತದ ಒಳಗುಟ್ಟು ಋತುವಿನಲ್ಲಿತ್ತು. ಸಂಸ್ಥಾನದ ಮಧ್ಯ ಹಾಗೂ ಪಶ್ಚಿಮ ಭಾಗಗಳಲ್ಲಿ ಹರಡಿದ್ದ ಇನ್ನೂರಕ್ಕೂ ಹೆಚ್ಚು ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರು ಬಗೆಯಾಗಿ ವಿಂಗಡಿಸಲಾಗಿತ್ತು. ಮಳೆಗಾಲದ ಹಾಗೂ ಚಳಿಗಾಲದ ಕಾವಲುಗಳಲ್ಲಿ ಆಯಾ ಕಾಲದ ಹುಲ್ಲುಂಟು, ಆದರೆ ನೀರು ನಿಲ್ಲದು. ಕೆರೆಯಂಗಳದ ಹಸುರು, ಮರದ ನೆರಳು, ಬತ್ತದ ನೀರು ಇರುವ ಬೇಸಗೆಯ ಕಾವಲುಗಳಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಉಳಿದ ತಿಂಗಳುಗಳಲ್ಲಿ ಅವನ್ನು ಕಟ್ಟುನಿಟ್ಟಾಗಿ ಮುಚ್ಚಿಡುತ್ತಿದ್ದರು. ಹಿಂಡುಗಳು ವರ್ಷವಿಡೀ ಒಂದೆಡೆ ನಿಲ್ಲದೆ ಸೇರ್ವೆಗಾರರೊಡನೆ ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದವು. ಅರೆಕಾಡಾಗಿ ಬೆಳೆದ ಈ ದನಗಳು ಸೇರ್ವೆಗಾರನ ದನಿಗೆ ಓಗೊಡುತ್ತಿದ್ದವೇ ಹೊರತು ಅಪರಿಚಿತನೊಬ್ಬ ಕಾಲ್ನಡಿಗೆಯಲ್ಲಿ ಅವುಗಳ ಹತ್ತಿರ ಸುಳಿಯುವುದು ಅಪಾಯಕರವಾಗಿತ್ತು. ಹೋರಿಗಳನ್ನು ಹಿಡಿದು ಪಳಗಿಸುವುದೇ ಒಂದು ದೊಡ್ಡ ಕೆಲಸ. ಕಾಡಾನೆಯನ್ನು ಪಳಗಿಸುವಂತೆ ಅದಕ್ಕೂ ವಂಶಪಾರಂಪರ್ಯದ ತಿಳಿವು ಬೇಕಿತ್ತು. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ತಳಿಗಳನ್ನು 1860ರವರೆಗೆ ಬೇರೆಬೇರೆಯಾಗಿಯೇ ಕಾಪಾಡಿಕೊಂಡು ಬರಲಾಗಿತ್ತು.

ಋತುವಿಗೆ ತಕ್ಕಂತೆ ನೆಲವನ್ನು ತೆರೆದು ಮುಚ್ಚುವ ಈ ಕ್ರಮ ದನಕ್ಕಾಗಿ ಹೂಡಿದ್ದು. ಅದರ ಲಾಭ ಪಡೆದವರಲ್ಲಿ ಲೆಕ್ಕಕ್ಕೆ ಬಾರದ ಜೀವಿಗಳೂ ಇದ್ದವು. ನೇಗಿಲು ಮುಟ್ಟದ, ವರ್ಷದಲ್ಲಿ ಕೆಲವು ತಿಂಗಳು ದನವೂ ಕಾಲಿಡದ ಬಯಲು ಕೃಷ್ಣಮೃಗಕ್ಕೆ ತಕ್ಕ ನೆಲೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ, ತೋಳ ನರಿಗಳಿಗೆ, ಮೊಲಕ್ಕೆ ಅದು ಆಸರೆ. ಕಡೂರು, ತುಮಕೂರು, ಚಿತ್ರದುರ್ಗ ಸೀಮೆಗಳ ಕಾವಲುಗಳು ಜಿಂಕೆಗಳ ಹಿಂಡಿಗೆ ಹೆಸರಾಗಿದ್ದುದು ಆಕಸ್ಮಿಕವಲ್ಲ. ವನ್ಯಜೀವಿ ಸಂರಕ್ಷಣೆ ಎಂಬ ಮಾತೇ ಹುಟ್ಟದ ಕಾಲದಲ್ಲಿ ಸೈನ್ಯದ ಸ್ವಾರ್ಥ ಆ ಕೆಲಸವನ್ನು ತಾನರಿಯದೆ ಮಾಡಿತ್ತು.

ಊರವರ ಮಾತೇ ಬೇರೆ. ಕಾವಲಿನ ಗಡಿಯೊಳಗೆ ಊರದನ ನುಗ್ಗಿದರೆ ಅದು ಅಪರಾಧ, ಹಿಡಿದು ದೊಡ್ಡಿಗೆ ಹಾಕುವುದು ಕಾವಲುಗಾರನ ಹಕ್ಕು. ಆದರೆ ಬರ ಬಂದಾಗ, ಹಿಂಡು ಮುಂದಿನ ಕಾವಲಿಗೆ ಹೋದಾಗ, ಮೇವಿನ ಹಕ್ಕನ್ನು ಮಾರಿದಾಗ ಅದೇ ಗಡಿ ಸಡಿಲವಾಗುತ್ತಿತ್ತು. ಒಣ ಸೆಗಣಿ, ಉರುವಲು, ಜಾಲಿಕಾಯಿ, ಕಾರೆ ಬಾರೆಯ ಹಣ್ಣು, ಚಾಪೆ ಪೊರಕೆಯ ಹುಲ್ಲು ಇವು ಯಾವ ದಸ್ತಾವೇಜಿನಲ್ಲೂ ಪೂರ್ತಿ ಕಾಣದ ಊರಿನ ಆದಾಯಗಳು. ಗೊಲ್ಲರು, ಕುರುಬರು, ಮ್ಯಾಸಬೇಡರು ಕಾವಲಿನ ಅಂಚಿನಲ್ಲೇ ಹಟ್ಟಿ ಕಟ್ಟಿಕೊಂಡು ಬಾಳಿದರು. ಇವರ ಪ್ರವೇಶ ರೂಢಿಯಿಂದ ಬಂದುದೇ ಹೊರತು ಬರಹದಲ್ಲಿ ನಮೂದಾದ ಹಕ್ಕಲ್ಲ. ಒಡೆಯನು ತನ್ನ ಕಾವಲನ್ನು ಬಳಸುತ್ತಿದ್ದಷ್ಟು ಕಾಲ ಈ ಕೊರತೆ ಯಾರಿಗೂ ಕಾಣಿಸಲಿಲ್ಲ. ಮುಂದೆ ಇದೇ ದೊಡ್ಡ ತೊಡಕಾಯಿತು.

1860ರಲ್ಲಿ ಮದ್ರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್ ಮಿತವ್ಯಯದ ಕಾರಣದಿಂದ ಇಡೀ ಸಂಸ್ಥೆಯನ್ನು ವಿಸರ್ಜಿಸಿ ಹಿಂಡುಗಳನ್ನು ಮಾರಿಸಿದನು. ಕೊಂಡವರಲ್ಲಿ ಈಜಿಪ್ಟಿನ ಪಾಷಾ ಕೂಡ ಇದ್ದನು. ಬೇಕಾದಾಗ ಸಂತೆಯಲ್ಲಿ ಎತ್ತು ಕೊಂಡರಾಯಿತೆಂಬ ಲೆಕ್ಕ ಕೆಲವೇ ವರ್ಷಗಳಲ್ಲಿ ತಪ್ಪೆಂದು ಕಂಡುಬಂದಿತು. ಸೈನ್ಯಕ್ಕೆ ಬೇಕಾದ ಬಗೆಯ ಎತ್ತು ಸಂತೆಯಲ್ಲಿ ಸಿಗಲಿಲ್ಲ. 1866ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ನೆರವಿನೊಡನೆ ಸಂಸ್ಥೆಯನ್ನು ಮತ್ತೆ ಕಟ್ಟಲಾಯಿತು. ಚದುರಿದ ಹಿಂಡುಗಳನ್ನು ಒಟ್ಟುಗೂಡಿಸುವ ಅವಸರದಲ್ಲಿ ಮೂರು ತಳಿಗಳ ಪ್ರತ್ಯೇಕತೆ ಅಳಿದು, ಇಂದಿನ ಅಮೃತ ಮಹಲ್ ಎಂಬ ಒಂದೇ ತಳಿ ಉಳಿಯಿತು. ನೂರೈವತ್ತು ವರ್ಷಗಳ ಎಚ್ಚರಿಕೆಯನ್ನು ಆರು ವರ್ಷಗಳ ಉಳಿತಾಯ ನುಂಗಿತು ಎನ್ನದೆ ವಿಧಿಯಿಲ್ಲ. ಅಧಿಕಾರ ಮರಳಿ ಮೈಸೂರು ಅರಸರಿಗೆ ಬಂದ ಮೇಲೆ, 1882ರಲ್ಲಿ, ಸಂಸ್ಥಾನವು ಹಿಂಡುಗಳನ್ನು ಮದ್ರಾಸ್ ಸರ್ಕಾರದಿಂದ ಕೊಂಡುಕೊಂಡಿತು. 1923ರವರೆಗೂ ಇಲಾಖೆ ಸಂಸ್ಥಾನದ ಮಿಲಿಟರಿ ಇಲಾಖೆಯ ಅಧೀನದಲ್ಲೇ ಇತ್ತು.

ಆ ವರ್ಷ ಅಮೃತ ಮಹಲ್ ಕೃಷಿ ಇಲಾಖೆಗೆ ವರ್ಗವಾದುದು ಆಡಳಿತದ ಸಣ್ಣ ಬದಲಾವಣೆಯಂತೆ ತೋರಿದರೂ ಕಾವಲುಗಳ ಚರಿತ್ರೆಯಲ್ಲಿ ಅದೇ ನಿಜವಾದ ತಿರುವು. ಮೊದಲನೆಯ ಮಹಾಯುದ್ಧ ಮೋಟಾರಿನ ಕಾಲವನ್ನು ತಂದಿತ್ತು. ದಂಡಿಗೆ ಎತ್ತು ಬೇಡವಾದೊಡನೆ ಕಾವಲಿಗೆ ಒಡೆಯನೂ ಇಲ್ಲವಾದನು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರ ಸ್ಥಾಪನೆಯಾಗಿ ತಳಿಯೇನೋ ಉಳಿಯಿತು; ಅಲ್ಲಿನ ಹೋರಿಕರುಗಳ ವಾರ್ಷಿಕ ಹರಾಜಿಗೆ ಇಂದಿಗೂ ದೂರದ ರೈತರು ಬರುತ್ತಾರೆ. ನೆಲಕ್ಕೆ ಅಂಥ ಆಶ್ರಯ ದೊರೆಯಲಿಲ್ಲ. ಎರಡನೆಯ ಮಹಾಯುದ್ಧದ ಕಾಲದ ಹೆಚ್ಚು ಆಹಾರ ಬೆಳೆಯುವ ಆಂದೋಲನ, ಸ್ವಾತಂತ್ರ್ಯಾನಂತರದ ಭೂಹೀನರಿಗೆ ಭೂಮಿ ಮಂಜೂರಾತಿ, ಬಗರ್‌ಹುಕುಂ ಸಾಗುವಳಿ, ನೀಲಗಿರಿ ನೆಡುತೋಪು ಇವು ಒಂದಾದ ಮೇಲೊಂದು ಕಾವಲುಗಳನ್ನು ಕತ್ತರಿಸಿದವು. ಟಿಪ್ಪುವಿನ ಕಾಲದಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಗಿಲಾಗಿದ್ದವೆಂದು ಹೇಳಲಾಗುವ ಕಾವಲುಗಳಲ್ಲಿ 20ನೆಯ ಶತಮಾನದ ಕೊನೆಗೆ ಒಂದು ಲಕ್ಷ ಎಕರೆಯೂ ಉಳಿಯಲಿಲ್ಲ. ಹುಣಸೂರಿನ ಸುತ್ತಲ ಬಯಲು ಹೊಲವಾದುದು ಈ ದೊಡ್ಡ ಪ್ರವಾಹದ ಒಂದು ಕವಲು ಮಾತ್ರ. ಇವುಗಳಲ್ಲಿ ಹಲವು ಪರಭಾರೆಗಳನ್ನು ಅನ್ಯಾಯವೆನ್ನುವಂತಿಲ್ಲ. ನೆಲವಿಲ್ಲದವನಿಗೆ ಎರಡು ಎಕರೆ ದೊರೆತುದನ್ನು ಜಿಂಕೆಯ ಹೆಸರಿನಲ್ಲಿ ಆಕ್ಷೇಪಿಸುವುದು ಸುಲಭವಲ್ಲ. ಆದರೆ ಹುಲ್ಲು ಬೆಳೆಯುವ ನೆಲವನ್ನು ‘ಬೀಳು’ ಎಂದು ಬರೆಯುವ ಅಭ್ಯಾಸ ಕಚೇರಿಗಳಲ್ಲಿ ಬೇರೂರಿದುದು ಈ ಕಾಲದಲ್ಲಿಯೇ.

ಇದಕ್ಕೆ ಹೋಲಿಸಿದರೆ ಇದೇ ಹುಣಸೂರು, ಹೆಗ್ಗಡದೇವನಕೋಟೆಗಳ ಅಂಚಿನ ಮರಗಾಡಿಗೆ ಒದಗಿದ ಗತಿ ಭಿನ್ನವಾದುದು. 1955ರಲ್ಲಿ ವನ್ಯಧಾಮವೆಂದು ಆರಂಭವಾದ ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ಪ್ರಾಣಿಗೆ ರಕ್ಷಣೆ ದೊರೆತು, ಕಾಡಿನ ಜೇನುಕುರುಬರಂಥ ಜನ ಹೊರಬೀಳಬೇಕಾಯಿತು. ಆ ವಿಷಯ ಪ್ರತ್ಯೇಕ ಅಧ್ಯಯನಕ್ಕೆ ತಕ್ಕದ್ದು. ಇಲ್ಲಿ ಗಮನಿಸಬೇಕಾದುದು ಇಷ್ಟೇ: ಮರವಿದ್ದಲ್ಲಿ ಕಾಡನ್ನು ಕಂಡ ಸರ್ಕಾರದ ಕಣ್ಣು ಹುಲ್ಲಿದ್ದಲ್ಲಿ ಖಾಲಿ ಜಾಗವನ್ನು ಕಂಡಿತು.

ಸೈನ್ಯ ಕಾವಲಿಗೆ ಮರಳಿದುದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನಲ್ಲಿ. ಸುಮಾರು 2008ರಿಂದ 2010ರ ಅವಧಿಯಲ್ಲಿ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಹತ್ತು ಸಾವಿರ ಎಕರೆಯಷ್ಟು ನೆಲವನ್ನು ರಾಜ್ಯ ಸರ್ಕಾರ ವಿವಿಧ ಸಂಸ್ಥೆಗಳಿಗೆ ಹಂಚಿತು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ ಸಂದವು; ಭಾಭಾ ಅಣು ಸಂಶೋಧನ ಕೇಂದ್ರ, ಬಾಹ್ಯಾಕಾಶ ಸಂಶೋಧನ ಸಂಸ್ಥೆಗಳಿಗೂ, ಒಂದು ಖಾಸಗಿ ಸೌರವಿದ್ಯುತ್ ಯೋಜನೆಗೂ ಪಾಲು ದೊರೆಯಿತು. ಚಾಲಕರಹಿತ ವಿಮಾನಗಳ ಪರೀಕ್ಷೆಗೆ ಜನವಸತಿ ವಿರಳವಾದ, ಆಕಾಶ ತಿಳಿಯಾದ ವಿಸ್ತಾರ ಬಯಲು ಬೇಕು. ಎತ್ತಿನ ಕಾಲದಲ್ಲಿ ಬಯಲಾಗಿ ಉಳಿದುದರಿಂದಲೇ ಕಾವಲು ವಿಮಾನದ ಕಾಲಕ್ಕೂ ಯೋಗ್ಯವೆನಿಸಿತು. 2016ರ ನವೆಂಬರಿನಲ್ಲಿ ರುಸ್ತುಂ–2 ವಿಮಾನ ಇಲ್ಲಿಂದ ಮೊದಲ ಬಾರಿಗೆ ಹಾರಿತು; 2017ರ ಮೇ 28ರಂದು ವೈಮಾನಿಕ ಪರೀಕ್ಷಾ ವಲಯದ ಉದ್ಘಾಟನೆ ನಡೆಯಿತು. 2023ರ ಏಪ್ರಿಲ್ 2ರಂದು ಬಾಹ್ಯಾಕಾಶ ಸಂಸ್ಥೆಯ ಮರುಬಳಕೆಯ ಉಡಾವಣಾ ವಾಹನದ ಮಾದರಿ ತಾನೇ ತಾನಾಗಿ ಇಳಿದುದೂ ಇದೇ ಓಡುದಾರಿಯಲ್ಲಿ. ದೇಶದ ವಿಜ್ಞಾನಕ್ಕೆ ಈ ಬಯಲಿನಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ.

ಅದೇ ಬಯಲಿನ ಅಂಚಿನ ದೊಡ್ಡಉಳ್ಳಾರ್ತಿ ಮೊದಲಾದ ಊರುಗಳಲ್ಲಿ ಕುರಿ ಸಾಕಣೆ, ಕಂಬಳಿ ನೇಯ್ಗೆ ಬದುಕಿನ ಆಧಾರ. ಮ್ಯಾಸಬೇಡರ ದೇವರ ಎತ್ತುಗಳು ಕಿಲಾರಿಗಳೊಡನೆ ಮೇಯುವ ಸೀಮೆಯೂ ಇದೇ. ಸುತ್ತುಗೋಡೆ ಎದ್ದಾಗ ತಲೆಮಾರುಗಳ ಕಾಲುದಾರಿ, ಕುರಿದಾರಿಗಳು ಗೋಡೆಗೆ ಹೋಗಿ ಮುಟ್ಟಿದವು. ಉಣ್ಣೆ, ಗೊಬ್ಬರ, ಹಾಲು ಯಾವ ಯೋಜನಾ ವರದಿಯ ಅಂಕಣದಲ್ಲೂ ನಷ್ಟವೆಂದು ದಾಖಲಾಗುವ ವಸ್ತುಗಳಲ್ಲ. ಗೋಮಾಳವನ್ನು ಕಳೆದುಕೊಂಡ ಊರು ಪರಿಹಾರ ಕೇಳಲು ಪಹಣಿ ತೋರಿಸಬೇಕು. ಕಾವಲಿನ ಪಹಣಿಯಲ್ಲಿ ಊರಿನ ಹೆಸರೇ ಇಲ್ಲ. ಹಳೆಯ ಒಡೆಯನ ಕಾಲದಲ್ಲಿ ಕಾಣಿಸದೆ ಹೋಗಿದ್ದ ಕೊರತೆ ಹೀಗೆ ಬಯಲಿಗೆ ಬಂದಿತು.

ವಿವಾದವು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠವನ್ನು ತಲುಪಿತು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಮುಂದಿಟ್ಟ ವಾದದ ತಿರುಳು ಎರಡು: ಕಾವಲುಗಳು ಅರಣ್ಯ ನಿಯಮಗಳಡಿ ‘ಜಿಲ್ಲಾ ಅರಣ್ಯ’ಗಳಾಗಿದ್ದು ಅವನ್ನು ಕಂದಾಯ ಭೂಮಿಯಂತೆ ಹಂಚುವಂತಿಲ್ಲ, ಹುಲ್ಲುಗಾವಲು ತನ್ನದೇ ಆದ ಜೀವಿಸಮುದಾಯವುಳ್ಳ ಪರಿಸರ ವ್ಯವಸ್ಥೆ. 2014ರ ಆಗಸ್ಟ್ 27ರಂದು ಬಂದ ತೀರ್ಪು ಸಾರ್ವಜನಿಕ ಸಂಸ್ಥೆಗಳ ಯೋಜನೆಗಳಿಗೆ ಷರತ್ತುಗಳೊಡನೆ ಅವಕಾಶ ನೀಡಿತು. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಮೇವಿನ ಹಕ್ಕನ್ನೂ ಅಲೆಮಾರಿ ಪಶುಪಾಲಕರ ಋತುಮಾನದ ಪ್ರವೇಶವನ್ನೂ ಹೆಸರಿಸಿ ಗುರುತಿಸಿದ್ದರೂ ಅದು ನೆಲದ ಮೇಲೆ ಇಳಿಯುವ ಮೊದಲೇ ನೆಲ ಕೈಬದಲಾಗಿತ್ತು.

ಹೊರದೇಶದ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಬಹುದು. ಇಂಗ್ಲೆಂಡಿನ ಸಾಲಿಸ್‌ಬರಿ ಬಯಲಿನಲ್ಲಿ 1897ರಿಂದ ಸೈನ್ಯ ಭೂಮಿ ಕೊಳ್ಳತೊಡಗಿತು. ಇಂದು ಅದು ಆ ದೇಶದ ಅತಿ ದೊಡ್ಡ ತರಬೇತಿ ಪ್ರದೇಶ. ಉಳುಮೆಯಿಂದ ತಪ್ಪಿಸಿಕೊಂಡ ಸುಣ್ಣಕಲ್ಲಿನ ಹುಲ್ಲುಗಾವಲು ಅಲ್ಲಿ ಗುಂಡಿನ ಸದ್ದಿನ ನಡುವೆಯೇ ಉಳಿದುಕೊಂಡಿದೆ. 2004ರಿಂದ ಅಲ್ಲಿ ಹೆಬ್ಬಕ ಜಾತಿಯ ದೊಡ್ಡ ಹಕ್ಕಿಯನ್ನು ಮರಳಿ ನೆಲೆಗೊಳಿಸುವ ಪ್ರಯತ್ನವೂ ನಡೆದಿದೆ. ಕೆಂಪು ಬಾವುಟ ಹಾರಿದಾಗ ಮುಚ್ಚಿ, ಇಳಿದಾಗ ಜನ ನಡೆದಾಡಬಹುದಾದ ದಾರಿಗಳು ಹಲವೆಡೆ ಉಂಟು. ಕಾವಲಿನ ಋತುಮಾನದ ಬೀಗಕ್ಕೂ ಈ ಬಾವುಟಕ್ಕೂ ತತ್ತ್ವ ಒಂದೇ. ಆದರೆ ಅದೇ ಬಯಲಿನ ಇಂಬರ್ ಎಂಬ ಹಳ್ಳಿಯನ್ನು 1943ರಲ್ಲಿ ತೆರವುಗೊಳಿಸಿದ ಸೈನ್ಯ ಅಲ್ಲಿನವರನ್ನು ಮತ್ತೆ ನೆಲೆಸಗೊಡಲಿಲ್ಲ. ವರ್ಷದಲ್ಲಿ ಕೆಲವು ದಿನ ಮಾತ್ರ ಅದರ ಚರ್ಚು ತೆರೆಯುತ್ತದೆ. ಭಾರತದಲ್ಲಿಯೂ ಪೋಖರಣದ ಗುಂಡಿನ ಬಯಲು ಅಳಿವಿನಂಚಿನ ಹೆಬ್ಬಕಕ್ಕೆ ಆಸರೆ ಕೊಟ್ಟಿದೆ. 1938ರ ಸೇನಾ ಕವಾಯತು ಹಾಗೂ ಗುಂಡುಹಾರಾಟದ ಕಾಯಿದೆ ಗೊತ್ತಾದ ಅವಧಿಗೆ ಮಾತ್ರ ಭೂಮಿ ಬಳಸಿ, ಹಾನಿಗೆ ಪರಿಹಾರ ಕೊಡುವ ಕ್ರಮವನ್ನು ಹೇಳುತ್ತದೆ. ಶಾಶ್ವತವಾಗಿ ಪರಭಾರೆಯಾದ, ಗೋಡೆಯೆದ್ದ ನೆಲಕ್ಕೆ ಈ ತಾತ್ಕಾಲಿಕತೆಯ ತತ್ತ್ವ ಅನ್ವಯಿಸುವುದಿಲ್ಲ.

ಕರ್ನಾಟಕದಲ್ಲಿಯೇ ಇನ್ನೊಂದು ದಾರಿಯನ್ನು ತೋರಿದ ಪ್ರಯೋಗ ಕಡೂರು ತಾಲೂಕಿನ ಬಾಸೂರಿನದು. 2011ರಲ್ಲಿ ಬಾಸೂರು ಅಮೃತ ಮಹಲ್ ಕಾವಲಿನ 7.36 ಚದರ ಕಿಲೋಮೀಟರನ್ನು ಕೃಷ್ಣಮೃಗದ ಸಲುವಾಗಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ವನ್ಯಜೀವಿ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯ ಈ ವರ್ಗದಲ್ಲಿ ರಾಷ್ಟ್ರೀಯ ಉದ್ಯಾನದಂತೆ ಊರವರನ್ನು ಹೊರಗಿಡುವ ನಿರ್ಬಂಧವಿಲ್ಲ. ಸಲಹಾ ಸಮಿತಿಯಲ್ಲಿ ಅರಣ್ಯಾಧಿಕಾರಿಯೊಡನೆ ಆಯಾ ಗ್ರಾಮ ಪಂಚಾಯಿತಿಯ ಪ್ರತಿನಿಧಿ, ಕೃಷಿ ಹಾಗೂ ಪಶುಸಂಗೋಪನಾ ಇಲಾಖೆಗಳ ಪ್ರತಿನಿಧಿಗಳು ಕೂಡಬೇಕೆಂದು ಕಾಯಿದೆಯೇ ಹೇಳುತ್ತದೆ. ಸೇರ್ವೆಗಾರನೂ ಊರ ಗೌಡನೂ ಬೇಟೆಯ ಜಿಂಕೆಯೂ ಒಂದೇ ನೆಲದ ಲೆಕ್ಕಕ್ಕೆ ಬರಹದಲ್ಲಿ ಸೇರಿದ ಮೊದಲ ಸಂದರ್ಭಗಳಲ್ಲಿ ಇದೊಂದು. ವಿಸ್ತೀರ್ಣದಲ್ಲಿ ಅದು ಚಳ್ಳಕೆರೆಯ ಪರೀಕ್ಷಾ ವಲಯದ ಅರ್ಧಕ್ಕಿಂತಲೂ ಚಿಕ್ಕದು.

ಚಳ್ಳಕೆರೆಯ ಕಡೆ 2019ರ ಸೆಪ್ಟೆಂಬರ್ 17ರಂದು ಪರೀಕ್ಷಾರ್ಥ ಹಾರಾಟದ ಚಾಲಕರಹಿತ ವಿಮಾನವೊಂದು ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದಿತು. ಸದ್ದು ಕೇಳಿ ಸುತ್ತಲ ಊರವರು ನೋಡಲು ಓಡಿಬಂದರು. ಕಾವಲಿನ ಒಳಗೆ ನಡೆಯುತ್ತಿದ್ದ ಕೆಲಸವನ್ನು ಅವರಲ್ಲಿ ಬಹುಮಂದಿ ಹತ್ತಿರದಿಂದ ಕಂಡುದು ಅಂದೇ ಇರಬೇಕು.